ಮೂರು ಮೀನಿನ ಕಂದಾಯ

ಜಮೀನಿಗೆ ಕಂದಾಯ ಕಟ್ಟುವುದು ನಮಗೆಲ್ಲ ತಿಳಿದ ಸಂಗತಿಯೇ. ಕೆಲವರು ಹಣದಲ್ಲಿ ಕೊಟ್ಟರು, ಕೆಲವರು ಕಾಳಿನಲ್ಲಿ ಅಳೆದರು. ಕೊಡುವವನ ಮುಖದಲ್ಲಿ ನಗುವನ್ನು ಮಾತ್ರ ಯಾರೂ ಕಂಡಂತಿಲ್ಲ. ಆದರೆ ವರ್ಷಕ್ಕೆ ಮೂರೇ ಮೂರು ಮೀನು, ಅದೂ ಅಂಗೈಯಗಲದ ಸಣ್ಣ ಮೀನು, ನೆಲದ ಒಡೆಯನಿಗೆ ನಗುನಗುತ್ತ ಒಪ್ಪಿಸಿ, ಅಷ್ಟರಿಂದಲೇ ಒಂದು ‘ರಾಜ್ಯ’ವನ್ನು ಆಳಿಕೊಂಡಿದ್ದವರು ಒಂದು ಕಾಲಕ್ಕೆ ಇದ್ದರು. ಅವರಿಗೆ ಗವರ್ನರನಿದ್ದ, ಶಾಸನಸಭೆಯಿತ್ತು, ಷೆರೀಫನಿದ್ದ, ಕೋಟೆಯೂ ಇತ್ತು. ಇಲ್ಲದಿದ್ದುದು ಪ್ರಜೆಗಳು ಮಾತ್ರ. ಏಕೆಂದರೆ ಪ್ರಜೆಗಳೂ ಅವರೇ ಆಗಿದ್ದರು. ಆ ರಾಜ್ಯದ ಮುಖ್ಯ ಉದ್ಯೋಗ ನದಿಗೆ ಗಾಳ ಹಾಕಿ ಕುಳಿತುಕೊಳ್ಳುವುದು.

ಇದು ಅಮೆರಿಕದ ಫಿಲಡೆಲ್ಫಿಯ ನಗರದ ಕಥೆ. 1732ರಲ್ಲಿ ಅಲ್ಲಿ ಹುಟ್ಟಿದ ಮೀನುಬೇಟೆಯ ಸಂಘವೊಂದು ಇಂದಿಗೂ ಬದುಕಿದೆ. ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿ ಇಷ್ಟು ದೀರ್ಘಕಾಲ ತಡೆಯಿಲ್ಲದೆ ಬಾಳಿದ ಗೆಳೆಯರ ಸಂಘ ಇನ್ನೊಂದಿಲ್ಲವೆಂದು ಅದರ ಸದಸ್ಯರು ಹೇಳಿಕೊಳ್ಳುತ್ತಾರೆ. ಆ ಹಿರಿತನದ ವಾದಕ್ಕೆ ನಾನು ಹೋಗುವುದಿಲ್ಲ. ಸಂಘಗಳನ್ನು ಕಟ್ಟುವುದೂ ಮೂರು ವರ್ಷದೊಳಗೆ ಅವು ಒಡೆಯುವುದೂ ವಾಚಕರಾದ ನಿಮಗೆ ಹೊಸದಲ್ಲ. ಮುನ್ನೂರು ವರ್ಷಗಳ ಸಮೀಪಕ್ಕೆ ಬಂದ ಒಂದು ಸಂಘ ತನ್ನನ್ನು ತಾನು ಹೇಗೆ ಆಳಿಕೊಂಡಿತು, ಆಳಲಾರದೆ ಹೋದದ್ದು ಯಾವುದನ್ನು, ಎಂಬುದನ್ನು ನೋಡೋಣ.

ಮೊದಲು ನದಿಯ ಹೆಸರು. ಬರೆದದ್ದನ್ನು ನೋಡಿ ಓದಹೊರಟರೆ ನಾಲಗೆ ತೊಡರುತ್ತದೆ. ಅಲ್ಲಿನವರು ಸುಮಾರಾಗಿ ‘ಸ್ಕೂಕಿಲ್’ ಎನ್ನುತ್ತಾರೆ. ಡಚ್ಚರು ಇಟ್ಟ ಹೆಸರು. ಅಡಗಿದ ಹೊಳೆ ಎಂದು ಅದರ ಅರ್ಥವೆಂದು ಹೇಳುವುದುಂಟು. ಡೆಲವೇರ್ ಎಂಬ ದೊಡ್ಡ ನದಿಗೆ ಇದು ಬಂದು ಸೇರುತ್ತದೆ. 1682ರಲ್ಲಿ ವಿಲಿಯಂ ಪೆನ್ ಎಂಬ ಕ್ವೇಕರ ಧರ್ಮಾನುಯಾಯಿ ಈ ಎರಡು ನದಿಗಳ ನಡುವಿನ ನೆಲದಲ್ಲಿ ಫಿಲಡೆಲ್ಫಿಯ ನಗರವನ್ನು ಹಾಕಿಸಿದ. ಐವತ್ತು ವರ್ಷ ಕಳೆದರೂ ಮನೆಗಳೆಲ್ಲ ಡೆಲವೇರಿನ ಕಡೆಗೇ ಒತ್ತಾಗಿದ್ದವು. ಹಡಗುಗಳು ಬಂದು ನಿಲ್ಲುತ್ತಿದ್ದುದು ಅಲ್ಲಿಯೇ. ಸ್ಕೂಕಿಲ್ ದಂಡೆಯೆಂದರೆ ಆಗ ಹಳ್ಳಿಗಾಡು: ಮರಗಳು, ಹೊಲಗಳು, ಅಲ್ಲೊಂದು ಇಲ್ಲೊಂದು ತೋಟದ ಮನೆ. ಅಂಗಡಿಯ ಲೆಕ್ಕಪುಸ್ತಕದಿಂದ ತಲೆಯೆತ್ತಿದ ವರ್ತಕನಿಗೆ ಒಂದು ದಿನ ಹಾಯಾಗಿ ಕಳೆಯಲು ಒಳ್ಳೆಯ ಜಾಗ.

ಆ ಊರಿಗೆ ಆಗ ಕೂಟ ಕಟ್ಟುವ ಹುಚ್ಚು ಹಿಡಿದಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಅವನ ಗೆಳೆಯರು 1731ರಲ್ಲಿ ಚಂದಾ ಹಾಕಿ ಪುಸ್ತಕ ಭಂಡಾರ ಕಟ್ಟಿದರು. 1736ರಲ್ಲಿ ಬೆಂಕಿ ಆರಿಸುವ ಸಂಘ ಕಟ್ಟಿದರು. ಇವೆರಡರ ನಡುವೆ ಬಂದುದೇ ಈ ಮೀನುಬೇಟೆಯ ಸಂಘ. ಪೆನ್ನನ ಕಾಲಕ್ಕೋ ಅನಂತರವೋ ಬಂದು ನೆಲೆನಿಂತ ಮನೆತನಗಳವರೇ ಅದರಲ್ಲಿ ಹೆಚ್ಚು, ಕ್ವೇಕರರೂ ಬಹಳ ಮಂದಿ. ಅವರು ತಮ್ಮನ್ನು ‘ಸಂಘ’ ಎಂದು ಕರೆದುಕೊಂಡು ಸುಮ್ಮನಾಗಲಿಲ್ಲ. ‘ಸ್ಕೂಕಿಲಿನ ವಸಾಹತು’ ಎಂದು ಹೆಸರಿಟ್ಟುಕೊಂಡರು. ವಸಾಹತು ಎಂದಮೇಲೆ ಸರ್ಕಾರ ಬೇಕಲ್ಲವೆ? ಗವರ್ನರನಾಗಿ ಥಾಮಸ್ ಸ್ಟ್ರೆಚ್ ಎಂಬುವನನ್ನು ಆರಿಸಿದರು. ಅವನ ಕೈಕೆಳಗೆ ಶಾಸನಸಭೆಯ ಸದಸ್ಯರು, ಷೆರೀಫ್, ಕಾರ್ಯದರ್ಶಿ, ಜೊತೆಗೊಬ್ಬ ಕಾರೊನರ್. ಅಪಮೃತ್ಯು ಸಂಭವಿಸಿದಾಗ ಹೆಣದ ಮುಂದೆ ವಿಚಾರಣೆ ನಡೆಸುವ ಅಧಿಕಾರಿಗೆ ಕಾರೊನರ್ ಎಂದು ಹೆಸರು. ಮೀನು ಹಿಡಿದು ತಿನ್ನುವವರ ಕೂಟದಲ್ಲಿ ಈ ಅಧಿಕಾರಿಗೆ ಕೆಲಸವೇನಿದ್ದೀತು ಎಂಬುದನ್ನು ನಿಮ್ಮ ಊಹೆಗೆ ಬಿಟ್ಟಿದ್ದೇನೆ.

ಮೇಲುನೋಟಕ್ಕೆ ಇದೆಲ್ಲ ಹುಡುಗಾಟ. ಆದರೆ ಆ ಹುಡುಗಾಟದ ಒಳಗೊಂದು ಮಾತಿದೆ. ಪೆನ್ಸಿಲ್ವೇನಿಯದ ನಿಜವಾದ ಗವರ್ನರನನ್ನು ಅಲ್ಲಿಯ ಜನ ಆರಿಸುತ್ತಿರಲಿಲ್ಲ. ನಾಡು ಪೆನ್ ಮನೆತನದ ಸ್ವತ್ತು. ಅವರು ನೇಮಿಸಿ ಕಳುಹಿಸಿದವನು ಬಂದು ಕುಳಿತುಕೊಳ್ಳುತ್ತಿದ್ದ. ಜನ ಆರಿಸಿದ ಶಾಸನಸಭೆಗೂ ನೇಮಕವಾಗಿ ಬಂದ ಗವರ್ನರನಿಗೂ ತಿಕ್ಕಾಟ ತಪ್ಪಿದ್ದಲ್ಲ. ಸ್ಕೂಕಿಲಿನ ಪುಟ್ಟ ವಸಾಹತಿನಲ್ಲಿಯಾದರೋ ಗವರ್ನರನಿಗೆ ವರ್ಷವರ್ಷವೂ ಚುನಾವಣೆ. ಊರಿನಲ್ಲಿ ಸಿಗದ ಅಧಿಕಾರವನ್ನು ಊರಹೊರಗಿನ ಮರದಡಿಯಲ್ಲಿ ಅವರು ಆಡಿ ನೋಡಿದರು. ಮಕ್ಕಳು ಬೊಂಬೆ ಮದುವೆ ಮಾಡುವಾಗ ಶಾಸ್ತ್ರವೊಂದನ್ನೂ ಬಿಡುವುದಿಲ್ಲ, ನೋಡಿ, ಇವರದೂ ಹಾಗೆಯೇ. ಆಟ ಕೆಲವೊಮ್ಮೆ ನಿಜವೂ ಆಗುತ್ತಿತ್ತು. ಮೊದಲ ವರ್ಷ ಇಲ್ಲಿ ಷೆರೀಫನಾದ ಜೇಮ್ಸ್ ಕೋಲ್ಟಸ್ 1750ರ ದಶಕದಲ್ಲಿ ಫಿಲಡೆಲ್ಫಿಯದ ನಿಜವಾದ ಷೆರೀಫನಾದ.

ಇನ್ನೊಂದು ತಮಾಷೆ ಕೇಳಿ. ವರ್ಷವರ್ಷವೂ ಚುನಾವಣೆಯೆಂದೆನಷ್ಟೆ. ಸ್ಟ್ರೆಚ್ 1765ರಲ್ಲಿ ತೀರಿಕೊಳ್ಳುವವರೆಗೂ ಅವನೇ ಆರಿಸಿ ಬಂದ. ಅವನ ತರುವಾಯ ಸ್ಯಾಮ್ಯುಅಲ್ ಮಾರಿಸ್. ಅವನೂ 1812ರಲ್ಲಿ ಸಾಯುವವರೆಗೆ ಗವರ್ನರ್. ಮುಂದೆ 1828ರವರೆಗೆ ರಾಬರ್ಟ್ ವಾರ್ಟನ್. ತೊಂಬತ್ತಾರು ವರ್ಷ, ಮೂವರು ಗವರ್ನರರು! ಅದೇ ಅವಧಿಯಲ್ಲಿ ಇಂಗ್ಲೆಂಡಿನ ಸಿಂಹಾಸನದ ಮೇಲೆ ಕುಳಿತವರೂ ಮೂವರೇ: ಎರಡನೆಯ, ಮೂರನೆಯ, ನಾಲ್ಕನೆಯ ಜಾರ್ಜರು. ಹುಟ್ಟಿನಿಂದ ಬಂದ ದೊರೆಗೂ ಮತದಿಂದ ಬಂದ ಗವರ್ನರನಿಗೂ ಆಯುಸ್ಸಿನಲ್ಲಿ ಭೇದವಿಲ್ಲದೆ ಹೋಯಿತು. ನಮ್ಮ ಸಂಘಸಂಸ್ಥೆಗಳಲ್ಲಿ ಒಬ್ಬರೇ ಅಧ್ಯಕ್ಷರು ಇಪ್ಪತ್ತು ವರ್ಷ ಕುಳಿತರೆ ನಾವು ಗೊಣಗುತ್ತೇವೆ. ಇವರು ಗೊಣಗಿದಂತೆ ಕಾಣುವುದಿಲ್ಲ. ಅದಕ್ಕೆ ಕಾರಣವನ್ನು ಅವರ ಅಡಿಗೆಮನೆಯಲ್ಲಿ ಹುಡುಕಬೇಕು.

ಈ ರಾಜ್ಯದಲ್ಲಿ ಆಳುಗಳಿಗೆ ಪ್ರವೇಶವಿರಲಿಲ್ಲ. ಮೀನು ಹಿಡಿಯುವುದು, ಸವರಿ ತೊಳೆಯುವುದು, ಒಲೆ ಹೊತ್ತಿಸುವುದು, ಹುರಿಯುವುದು, ಮೇಜು ಹಾಸುವುದು, ಬಡಿಸುವುದು, ಎಲ್ಲವೂ ಸದಸ್ಯರ ಕೆಲಸವೇ. ಅಗಲವಾದ ಹುಲ್ಲಿನ ಟೋಪಿ, ಸೊಂಟಕ್ಕೆ ಬಿಳಿಯ ಏಪ್ರನ್, ಇದು ಅವರ ದರ್ಬಾರಿನ ಉಡುಪು. ಮನೆಯಲ್ಲಿ ಒಂದು ಲೋಟ ನೀರು ಬೇಕಾದರೂ ಕೂಗಿ ತರಿಸಿಕೊಳ್ಳುತ್ತಿದ್ದ ಶ್ರೀಮಂತ ವರ್ತಕ ಇಲ್ಲಿ ಬಾಣಲೆಯ ಮುಂದೆ ಬೆವರುತ್ತ ನಿಲ್ಲಬೇಕು. ಪಕ್ಕದಲ್ಲಿ ನ್ಯಾಯವಾದಿ ಈರುಳ್ಳಿ ಹೆಚ್ಚುತ್ತಿದ್ದರೂ ಆಶ್ಚರ್ಯವಿಲ್ಲ. ಗವರ್ನರನಾದವನೂ ಈ ಕಾನೂನಿಗೆ ಹೊರತಲ್ಲ.

ಸದಸ್ಯರ ಸಂಖ್ಯೆಯನ್ನು ಇಪ್ಪತ್ತೈದು ಮೂವತ್ತರ ಆಸುಪಾಸಿನಲ್ಲಿಯೇ ಕಟ್ಟಿಹಾಕಿದ್ದರು. ಯಾರಾದರೂ ತೀರಿಕೊಂಡರೆ ಅಥವಾ ಬಿಟ್ಟುಹೋದರೆ ಮಾತ್ರ ಇನ್ನೊಬ್ಬನಿಗೆ ಸ್ಥಳ. ಹೊಸಬ ನೆಟ್ಟಗೆ ಒಳಗೆ ಬರುವಂತೆಯೂ ಇಲ್ಲ. ಮೊದಲು ಉಮೇದುವಾರನಾಗಿ ದುಡಿಯಬೇಕು. ಹಿರಿಯರು ಹೇಳಿದ ಚಾಕರಿ ಮಾಡಬೇಕು, ಬಾಣಲೆ ಹಿಡಿಯುವುದನ್ನು ಕಲಿಯಬೇಕು, ಉಳಿದವರೊಡನೆ ಹೊಂದಿಕೊಳ್ಳುವ ಮನುಷ್ಯನೆ ಎಂದು ತೋರಿಸಿಕೊಡಬೇಕು. ಅನಂತರ ಮತ. ಪೌರತ್ವ ಸಿಕ್ಕುವುದು ಆಮೇಲೆ. ಹೌದು, ಸದಸ್ಯತ್ವಕ್ಕೆ ಅವರು ಇಟ್ಟ ಹೆಸರು ಪೌರತ್ವ.

ಕೂಟದ ದಿನಗಳೆಲ್ಲ ಬೆಚ್ಚಗಿನ ತಿಂಗಳುಗಳಲ್ಲಿ. ಮೇ ಒಂದನೆಯ ತಾರೀಖು ಋತು ಆರಂಭ, ಚಳಿ ಬೀಳುವ ಹೊತ್ತಿಗೆ ಮುಕ್ತಾಯ. ಊಟದೊಡನೆ ಕುಡಿಯಲು ಒಂದು ಬೆರಕೆ ಪಾನಕ ಮಾಡುತ್ತಿದ್ದರು. ಪಾನಕವೆಂದೆನೆಂದು ರಾಮನವಮಿಯ ನೆನಪು ಮಾಡಿಕೊಳ್ಳಬೇಡಿ. ನಿಂಬೆಹಣ್ಣು, ಸಕ್ಕರೆಗಳು ನಮ್ಮ ಪಾನಕದವೇ. ಉಳಿದದ್ದು ರಮ್ಮು, ಬ್ರಾಂದಿ, ಪೀಚ್ ಹಣ್ಣಿನ ಸಾರಾಯಿ. ‘ಮೀನುಮನೆಯ ಪಂಚ್’ ಎಂದು ಅದಕ್ಕೆ ಹೆಸರು. ಸಂಘದ ಹೆಸರನ್ನು ಕೇಳದವರೂ ಅಮೆರಿಕದಲ್ಲಿ ಈ ಪಾನೀಯದ ಹೆಸರನ್ನು ಕೇಳಿದ್ದಾರೆ. ಸಂಘದ ಕೀರ್ತಿಯೆಂಬುದು ಯಾವ ದಾರಿಯಿಂದ ಹರಡುತ್ತದೆಂದು ಹೇಳಬರುವುದಿಲ್ಲ.

ಈಗ ಕಂದಾಯದ ವಿಷಯ. ಸ್ಕೂಕಿಲಿನ ಪಶ್ಚಿಮ ದಂಡೆಯಲ್ಲಿ ವಿಲಿಯಂ ವಾರ್ನರ್ ಎಂಬುವನ ಜಮೀನಿತ್ತು. ಅದರಲ್ಲಿ ಒಂದು ತುಂಡನ್ನು ಅವನು ಸಂಘಕ್ಕೆ ಬಿಟ್ಟುಕೊಟ್ಟ. 1748ರಲ್ಲಿ ಅಲ್ಲಿ ಒಂದು ಮನೆ ಎದ್ದಿತು. ಅದು ಕಟ್ಟಿಗೆಯ ಸಾಧಾರಣ ಕಟ್ಟಡ. ಅವರು ಕರೆದದ್ದು ‘ಕೋಟೆ’ ಎಂದು. ವಾರ್ನರನನ್ನು ‘ಬ್ಯಾರನ್’ ಎಂದು ಸಂಬೋಧಿಸಿದರು. ಅವನಿಗೆ ಸಲ್ಲತಕ್ಕ ವಾರ್ಷಿಕ ಕಂದಾಯ ಹೊಸದಾಗಿ ಹಿಡಿದ ಮೂರು ಸನ್ ಪರ್ಚ್ ಮೀನು. ಬೆಸ್ತರ ಹುಡುಗರು ದಾರದ ತುದಿಗೆ ಎರೆಹುಳು ಕಟ್ಟಿ ಹಿಡಿಯುವಂಥ ಮೀನು ಅದು, ಸಂತೆಯಲ್ಲಿ ಬೆಲೆಯೇ ಇಲ್ಲದ್ದು. ಆದರೂ ಆ ಮೂರು ಮೀನನ್ನು ಅವರು ಕ್ರಮವಾಗಿ ಒಪ್ಪಿಸಿದರು. ಒಪ್ಪಿಸಿದುದರಿಂದ ನೆಲ ವಾರ್ನರನದೆಂಬುದು ಉಳಿಯಿತು, ಅವರ ಅನುಭೋಗವೂ ಉಳಿಯಿತು. ಕೊಡುವವನಿಗೆ ನಷ್ಟವಿಲ್ಲ, ಕೊಳ್ಳುವವನಿಗೆ ಲಾಭವಿಲ್ಲ. ಆದರೆ ಇಬ್ಬರಿಗೂ ತಮ್ಮ ತಮ್ಮ ಸ್ಥಾನ ನೆನಪಿರುತ್ತದೆ. ಇಷ್ಟು ಸುಲಭವಾದ ಗೇಣಿ ಕರಾರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇಲ್ಲಿ ಸ್ವಲ್ಪ ನಿಂತು ಒಂದು ಕಹಿ ಮಾತನ್ನು ಹೇಳಬೇಕು. ಆ ನೆಲ ವಾರ್ನರನಿಗೆ ಬಂದದ್ದಾದರೂ ಎಲ್ಲಿಂದ? ನದಿಯ ಈ ಭಾಗದಲ್ಲಿ ಮೀನು ಹಿಡಿಯುವ ಹಕ್ಕನ್ನು ತಮಗೆ ಮೂಲನಿವಾಸಿಗಳಾದ ಲೆನಪೆ ಜನರ ಮುಖಂಡರೇ ಸಭೆ ಸೇರಿ ಕೊಟ್ಟರೆಂದು ಸಂಘದ ಐತಿಹ್ಯ. ಕೊಟ್ಟಿದ್ದರೆ ಸಂತೋಷ. ಆದರೆ ಸಂಘ ಹುಟ್ಟಿದ ಐದು ವರ್ಷಕ್ಕೆ, 1737ರಲ್ಲಿ, ಅದೇ ಪೆನ್ಸಿಲ್ವೇನಿಯದಲ್ಲಿ ಅದೇ ಲೆನಪೆ ಜನರಿಗೆ ಆದುದನ್ನು ಕೇಳಿ. ವಿಲಿಯಂ ಪೆನ್ ತೀರಿಹೋಗಿದ್ದ. ಅವನ ಮಕ್ಕಳು ಒಂದು ಹಳೆಯ ಕಾಗದವನ್ನು ಹೊರತೆಗೆದರು. ಮನುಷ್ಯನೊಬ್ಬ ಒಂದೂವರೆ ದಿನದಲ್ಲಿ ಎಷ್ಟು ದೂರ ನಡೆಯಬಲ್ಲನೋ ಅಷ್ಟು ನೆಲ ಪೆನ್ನನಿಗೆ ಸಲ್ಲುವುದೆಂದು ಲೆನಪೆ ಹಿರಿಯರು ಅದರಲ್ಲಿ ಒಪ್ಪಿದ್ದಾರೆಂದು ವಾದಿಸಿದರು. ಲೆನಪೆ ಜನ ಭಾವಿಸಿದ್ದು ನದಿಯ ದಂಡೆಯುದ್ದಕ್ಕೂ ಆಗಾಗ ಕುಳಿತು ಹೊಗೆಬತ್ತಿ ಸೇದುತ್ತ ಸಾಗುವ ನಡಿಗೆ. ಇವರು ಮೊದಲೇ ದಾರಿ ಸವರಿಸಿಟ್ಟು ಮೂವರು ಗಟ್ಟಿಗರನ್ನು ಕೂಲಿಗೆ ಹಿಡಿದು ಬಿಟ್ಟರು. ಇಬ್ಬರು ಸೋತು ಬಿದ್ದರು; ಮೂರನೆಯವನು ಗುರಿ ಮುಟ್ಟಿದ. ಸುಮಾರು ಹನ್ನೆರಡು ಲಕ್ಷ ಎಕರೆ ನೆಲ ಹೀಗೆ ಕೈಬಿಟ್ಟಿತು. ಮೂರು ಮೀನಿನ ಕರಾರನ್ನು ಚಾಚೂ ತಪ್ಪದೆ ನಡೆಸಿದ ಊರಿನಲ್ಲಿಯೇ ಈ ಕರಾರೂ ನಡೆಯಿತು. ಗೆಳೆಯರ ನಡುವೆ ನ್ಯಾಯವಾಗಿ ನಡೆದುಕೊಳ್ಳುವುದು ಕಷ್ಟವಲ್ಲವೆಂದು ನನಗೆ ಅನೇಕ ಸಲ ತೋರಿದೆ.

ಇನ್ನು ನದಿ. ಅದರ ಮೀನು ಈ ವಿಲಾಸಿಗಳದೊಂದೇ ಆಗಿರಲಿಲ್ಲ. ಷ್ಯಾಡ್ ಎಂಬ ಮೀನು ಅಲ್ಲಿ ಪ್ರಸಿದ್ಧ. ಗಂಗೆಯಲ್ಲಿ ಬಂಗಾಳದವರು ಪ್ರಾಣವಿಟ್ಟುಕೊಂಡಿರುವ ಹಿಲ್ಸಾ ಮೀನಿದೆಯಲ್ಲ, ಅದರ ದಾಯಾದಿ. ಸಮುದ್ರದಲ್ಲಿ ಬೆಳೆದು, ವಸಂತ ಬಂದೊಡನೆ ಮೊಟ್ಟೆಯಿಡುವುದಕ್ಕೆ ನದಿಯನ್ನು ಹತ್ತಿ ಬರುತ್ತದೆ. ಮೇಲ್ಗಡೆಯ ಹಳ್ಳಿಗಳವರು ಹೊಳೆಗೆ ಅಡ್ಡಲಾಗಿ ಕಲ್ಲುಕಟ್ಟೆ ಹಾಕಿ, ಕಡ್ಡಿಯ ತಡಿಕೆ ನಿಲ್ಲಿಸಿ ಅದನ್ನು ರಾಶಿರಾಶಿಯಾಗಿ ಹಿಡಿಯುತ್ತಿದ್ದರು. ಗೋಧಿ ತುಂಬಿಕೊಂಡು ಪೇಟೆಗೆ ಇಳಿದು ಬರುವ ದೋಣಿಗಳು ಈ ತಡಿಕೆಗಳಿಗೆ ಸಿಕ್ಕಿಕೊಳ್ಳುತ್ತಿದ್ದವು. ತಡಿಕೆ ಹಾಕಕೂಡದೆಂದು ಶಾಸನಸಭೆ ಕಾನೂನು ಮಾಡಿತು. ಹಾಕುವವರು ಹಾಕಿಯೇ ಹಾಕಿದರು. 1738ರ ವಸಂತದಲ್ಲಿ ಅವನ್ನು ಕೀಳಿಸಲು ಹೋದ ಅಧಿಕಾರಿಗಳಿಗೂ ಹಳ್ಳಿಯವರಿಗೂ ದೊಣ್ಣೆಗಳಿಂದಲೇ ಹೊಡೆದಾಟವಾಯಿತು. ಸಂಘದವರು ಗಾಳ ಬಿಟ್ಟು ಕುಳಿತಿದ್ದುದು ಅದೇ ನದಿಯ ಕೆಳದಂಡೆಯಲ್ಲಿ. ಅವರಿಗೆ ಮೀನು ಮಧ್ಯಾಹ್ನದ ವಿನೋದ. ಮೇಲ್ಗಡೆಯವರಿಗೆ ಉಪ್ಪು ಹಾಕಿಟ್ಟು ವರ್ಷವಿಡೀ ತಿನ್ನಬೇಕಾದ ಆಹಾರ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಸ್ವಾತಂತ್ರ್ಯ ಯುದ್ಧದ ಕಥೆಯನ್ನು ಬೇಗ ದಾಟಿಬಿಡುತ್ತೇನೆ. ಗವರ್ನರ್ ಮಾರಿಸ್ ಯುದ್ಧವೇ ಪಾಪವೆನ್ನುವ ಕ್ವೇಕರರ ಮನೆಯಲ್ಲಿ ಹುಟ್ಟಿದವನು. ಆದರೂ ಫಿಲಡೆಲ್ಫಿಯದ ಕುದುರೆ ದಳದ ಕ್ಯಾಪ್ಟನನಾಗಿ 1776-77ರ ಚಳಿಗಾಲದಲ್ಲಿ ವಾಷಿಂಗ್ಟನ್ನನ ಜೊತೆ ಟ್ರೆಂಟನ್, ಪ್ರಿನ್ಸ್‌ಟನ್ ರಣರಂಗಗಳಿಗೆ ಹೋದ. ಆ ದಳದಲ್ಲಿ ಅವನ ಮೀನುಬೇಟೆಯ ಗೆಳೆಯರೂ ಇದ್ದರು. ಕೆಲವು ವರ್ಷ ಕೋಟೆಯ ಒಲೆ ಆರಿತ್ತು. ಯುದ್ಧ ಮುಗಿದು ವಸಾಹತುಗಳೆಲ್ಲ ಸಂಸ್ಥಾನಗಳಾದಮೇಲೆ ಇವರೂ ಹಿಂದೆ ಬೀಳಲಿಲ್ಲ. ‘ಸ್ಕೂಕಿಲಿನ ವಸಾಹತು’ ಎಂಬ ಹೆಸರನ್ನು ಅಳಿಸಿ ‘ಸ್ಕೂಕಿಲಿನ ಸಂಸ್ಥಾನ’ ಎಂದು ಬರೆದುಕೊಂಡರು. ಒಂದು ತೊಟ್ಟು ರಕ್ತ ಬೀಳದೆ ಆದ ರಾಜ್ಯಕ್ರಾಂತಿ ಇದು. ಗವರ್ನರನೂ ಬದಲಾಗಲಿಲ್ಲ.

ಮೂರನೆಯ ಗವರ್ನರ್ ರಾಬರ್ಟ್ ವಾರ್ಟನ್ನನ ಹತ್ತಿರಕ್ಕೆ ಬಂದೆವು. ಬೇಟೆ, ಕುದುರೆ, ಗೆಳೆಯರ ಕೂಟ ಇವುಗಳಲ್ಲಿ ಮನಸ್ಸುಳ್ಳವನು; ಅದರ ಜೊತೆಗೆ ಊರಿನ ಮೇಯರನಾಗಿ ಮತ್ತೆ ಮತ್ತೆ ಆರಿಸಿ ಬಂದವನು. ಬೇರೆ ಬೇರೆ ಅವಧಿ ಸೇರಿ ಹದಿನೈದು ಸಲವೆಂದು ಲೆಕ್ಕ. 1820ರಿಂದ 1824ರವರೆಗೆ ಅವನು ಒಂದೇ ಕಾಲದಲ್ಲಿ ಫಿಲಡೆಲ್ಫಿಯ ನಗರಕ್ಕೆ ಮೇಯರ್, ಸ್ಕೂಕಿಲಿನ ಸಂಸ್ಥಾನಕ್ಕೆ ಗವರ್ನರ್. ಒಂದು ಕುರ್ಚಿ ನಿಜದ್ದು, ಒಂದು ಆಟದ್ದು. ಈ ಎರಡು ಕುರ್ಚಿಗಳ ನಡುವೆ ವಿರೋಧ ಬಂದೀತೆಂದು ಯಾರು ಎಣಿಸಿದ್ದರು?

ಬಂದದ್ದು ಕುಡಿಯುವ ನೀರಿನಿಂದ. 1793ರಲ್ಲಿ ಫಿಲಡೆಲ್ಫಿಯಕ್ಕೆ ಹಳದಿ ಜ್ವರ ಬಡಿದು ಸುಮಾರು ಐದು ಸಾವಿರ ಜನ ಸತ್ತರು. ಊರಿನಲ್ಲಿದ್ದವರಲ್ಲಿ ಹತ್ತಕ್ಕೊಬ್ಬರು ಎನ್ನಬಹುದು. ಅದು ಸೊಳ್ಳೆಯಿಂದ ಹರಡುವುದೆಂದು ಖಚಿತವಾಗಿ ತಿಳಿದದ್ದು 1900ರಲ್ಲಿ. ಅಂದು ಜನ ಬೈದದ್ದು ಹೊಲಸಾದ ಗಾಳಿಯನ್ನು, ಹಿತ್ತಲ ಬಾವಿಯ ನೀರನ್ನು. ಕಾರಣ ತಪ್ಪಾದರೂ ಒಳ್ಳೆಯ ನೀರು ಬೇಕೆಂಬ ಬಯಕೆ ತಪ್ಪಲ್ಲವಷ್ಟೆ. 1801ರಿಂದ ಉಗಿಯಂತ್ರಗಳು ಸ್ಕೂಕಿಲಿನ ನೀರನ್ನು ಎತ್ತಿ ಊರಿಗೆ ಕೊಟ್ಟವು. ಮುಂದೆ ಫೇರ್‌ಮೌಂಟ್ ಎಂಬ ಗುಡ್ಡದ ಬುಡದಲ್ಲಿ ಫ್ರೆಡರಿಕ್ ಗ್ರಾಫ್ ಎಂಬ ಎಂಜಿನಿಯರನ ಮೇಲ್ವಿಚಾರಣೆಯಲ್ಲಿ ದೊಡ್ಡ ನೀರೆತ್ತುವ ಸ್ಥಾವರ ಎದ್ದಿತು. ಉಗಿಯಂತ್ರಗಳು ಸೌದೆಯನ್ನು ಬೆಟ್ಟಬೆಟ್ಟವಾಗಿ ನುಂಗಿದವು. ಬಾಯ್ಲರುಗಳು ಸಿಡಿದು ಜನ ಸತ್ತರು. ಬೆಂಕಿಯ ಬದಲು ನದಿಯ ಬಲದಿಂದಲೇ ಚಕ್ರ ತಿರುಗಿಸಿ ನೀರೆತ್ತಬಾರದೇಕೆ ಎಂಬ ಯೋಚನೆ ಹುಟ್ಟಿತು. ಅದಕ್ಕೆ ನದಿಗೆ ಅಡ್ಡಲಾಗಿ ಅಣೆಕಟ್ಟು ಬೇಕು. 1819ರಲ್ಲಿ ಕೆಲಸ ಹಿಡಿದರು. 1822ರ ಹೊತ್ತಿಗೆ ನೀರುಚಕ್ರಗಳು ತಿರುಗುತ್ತಿದ್ದವು.

ಊರಿನ ಪಾಲಿಗೆ ಅದು ವರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಸೌದೆಯ ಖರ್ಚು ತಪ್ಪಿತು, ಮನೆಮನೆಗೆ ಕೊಳಾಯಿ ಹರಿಯಿತು. ದೇವಾಲಯದಂಥ ಕಂಬಗಳನ್ನು ನಿಲ್ಲಿಸಿ ಕಟ್ಟಿದ ಆ ಸ್ಥಾವರವನ್ನು ನೋಡುವುದಕ್ಕೆ ದೂರದೂರದಿಂದ ಜನ ಬರುತ್ತಿದ್ದರು. 1842ರಲ್ಲಿ ಬಂದ ಚಾರ್ಲ್ಸ್ ಡಿಕನ್ಸನೂ ಮೆಚ್ಚಿಕೊಂಡು ಬರೆದ. ಆದರೆ ಸಮುದ್ರದಿಂದ ಹತ್ತಿ ಬಂದ ಮೀನಿಗೆ ಅಲ್ಲಿ ಗೋಡೆ. ಷ್ಯಾಡ್ ಮೀನು ಫೇರ್‌ಮೌಂಟಿನವರೆಗೆ ಬಂದು ಮುಂದೆ ದಾರಿಯಿಲ್ಲದೆ ನಿಂತಿತು. ಸಂಘದ ಕೋಟೆಯಿದ್ದುದು ಅಣೆಕಟ್ಟಿನ ಮೇಲ್ಗಡೆ. ತೊಂಬತ್ತು ವರ್ಷ ಗಾಳ ಹಾಕಿದ ಮಡುವಿನಲ್ಲಿ ಹರಿವು ಸತ್ತು ನೀರು ಕೆರೆಯಂತೆ ನಿಂತಿತು.

ಆಗ ಗವರ್ನರನೇನು ಮಾಡಬೇಕಾಗಿತ್ತು, ಹೇಳಿ? ತನ್ನ ಷೆರೀಫನನ್ನು ಕಳುಹಿಸಿ ಮೇಯರನನ್ನು ಬಂಧಿಸಬೇಕಾಗಿತ್ತು. ಅಪರಾಧಿಯೂ ತಾನೇ, ಫಿರ್ಯಾದಿಯೂ ತಾನೇ! ನ್ಯಾಯವಾಗಿ ಹೇಳಬೇಕಾದರೆ ಅಣೆಕಟ್ಟನ್ನು ನಿಶ್ಚಯಿಸಿದ್ದು ವಾರ್ಟನ್ ಒಬ್ಬನೇ ಅಲ್ಲ. ನೀರಿನ ವ್ಯವಸ್ಥೆ ನಗರಸಭೆಯ ಸಮಿತಿಯೊಂದರ ಕೈಯಲ್ಲಿತ್ತು. ಆದರೂ ಊರಿನ ಮೊದಲ ಮನುಷ್ಯ ಅವನೇ. ಅವನ ಸಂಘದ ಮಿತ್ರರೂ ಆ ನೀರನ್ನೇ ಕುಡಿಯುವವರು. ಊರಿಗೆ ನೀರು ಬೇಡ, ನಮಗೆ ಮೀನು ಬೇಕು ಎನ್ನುವಷ್ಟು ಅವಿವೇಕಿಗಳು ಅವರಲ್ಲ. ಮೂರು ಮೀನಿನ ಕಂದಾಯ ಕೊಟ್ಟು ಪಡೆದದ್ದು ದಂಡೆಯ ತುಂಡು ನೆಲ ಮಾತ್ರ. ನದಿ ಅವರ ಶಾಸನಸಭೆಗೆ ಎಂದೂ ಒಳಪಟ್ಟಿರಲಿಲ್ಲ. 1822ರಲ್ಲಿ ಕೋಟೆಯನ್ನು ಕಳಚಿ, ಅಣೆಕಟ್ಟಿನ ಕೆಳಗೆ, ರ್ಯಾಂಬೋ ಬಂಡೆ ಎಂಬಲ್ಲಿಗೆ ಸಾಗಿಸಿ ಮತ್ತೆ ನಿಲ್ಲಿಸಿದರು. ರಾಜ್ಯಕ್ಕೆ ರಾಜ್ಯವೇ ಹೊಳೆಯ ಕೆಳಕ್ಕೆ ಹೋಯಿತು.

ಇವರಿಗಾದರೋ ಕೋಟೆಯನ್ನು ಹೊತ್ತುಕೊಂಡು ಹೋಗಲು ಹಣವಿತ್ತು. ಮೇಲ್ದಂಡೆಯ ಹಳ್ಳಿಗಳವರಿಗೆ? ಅಜ್ಜಂದಿರು ತಡಿಕೆ ಹಾಕಿ, ದೊಣ್ಣೆ ಹಿಡಿದು ಕಾದಾಡಿ ಉಳಿಸಿಕೊಂಡಿದ್ದ ಮೀನು ಒಂದು ವಸಂತದಲ್ಲಿ ಬರಲೇ ಇಲ್ಲ. ಅವರ ಮನೆಯ ಉಪ್ಪುಮೀನಿನ ಪೀಪಾಯಿ ಬರಿದಾಯಿತು. ಅವರಿಗೆ ಗವರ್ನರನಿರಲಿಲ್ಲ, ಅವರಲ್ಲೊಬ್ಬ ಮೇಯರನೂ ಆಗಿರಲಿಲ್ಲ. ಸಂಘದ ಇತಿಹಾಸವನ್ನು ವಿಲಿಯಂ ಮಿಲ್ನರ್ ಎಂಬ ಸದಸ್ಯ 1830ರಲ್ಲಿಯೇ ಪುಸ್ತಕವಾಗಿ ಅಚ್ಚುಹಾಕಿಸಿದುದರಿಂದ ಅಲ್ಲಿಯ ಬಾಣಲೆ ಸಟ್ಟುಗಗಳ ಸುದ್ದಿಯೂ ನಮಗೆ ಸಿಗುತ್ತದೆ. ಹಳ್ಳಿಯವರ ನಷ್ಟಕ್ಕೆ ಅಂಥ ಬರೆವಣಿಗೆಗಾರನೊಬ್ಬ ಸಿಕ್ಕಲಿಲ್ಲ.

ಹೊಸ ಸ್ಥಳಕ್ಕೆ ಹೋದ ಮೂರು ವರ್ಷಕ್ಕೆ, 1825ರ ಜುಲೈ ತಿಂಗಳಲ್ಲಿ, ಫ್ರಾನ್ಸಿನ ಲಫಾಯೆತ್ ಅಲ್ಲಿಗೆ ಅತಿಥಿಯಾಗಿ ಬಂದ. ಅಮೆರಿಕದ ಯುದ್ಧದಲ್ಲಿ ವಾಷಿಂಗ್ಟನ್ನನ ಬಲಗೈಯಂತಿದ್ದ ಸೇನಾನಿ, ಆಗ ಮುದುಕ. ದೇಶವೆಲ್ಲ ಅವನನ್ನು ಕಮಾನು ಕಟ್ಟಿ, ತೋಪು ಹಾರಿಸಿ ಬರಮಾಡಿಕೊಳ್ಳುತ್ತಿತ್ತು. ಇವರು ಹುಲ್ಲಿನ ಟೋಪಿ ತೊಡಿಸಿ ಏಪ್ರನ್ ಕಟ್ಟಿದರು, ಸದಸ್ಯನೆಂದು ಬರೆದುಕೊಂಡು ಒಲೆಯ ಹತ್ತಿರಕ್ಕೆ ಕರೆದೊಯ್ದರು. ಎರಡು ಖಂಡಗಳ ವೀರನಾದರೇನು, ರಾಜ್ಯದ ಕಾನೂನು ಕಾನೂನೇ. ಆ ಯಾತ್ರೆಯಲ್ಲಿ ಅವನಿಗೆ ಸಿಕ್ಕ ಸನ್ಮಾನಗಳಲ್ಲಿ ಇದು ಅವನಿಗೆ ಬೇಸರ ತಂದಿರಲಾರದೆಂದು ನನ್ನ ಭಾವನೆ.

ಮುಂದಿನದು ಬೇಗ ಹೇಳಿ ಮುಗಿಸುವಂಥದು. 1844ರಲ್ಲಿ ಸಂಘ ಪೆನ್ಸಿಲ್ವೇನಿಯ ಸಂಸ್ಥಾನದಿಂದ ಕಾನೂನುಬದ್ಧವಾದ ಸನ್ನದು ಪಡೆಯಿತು. ತನ್ನನ್ನೇ ಸಂಸ್ಥಾನವೆಂದುಕೊಂಡಿದ್ದ ಸಂಸ್ಥೆ ಇನ್ನೊಂದು ಸಂಸ್ಥಾನದ ಮುಂದೆ ಅರ್ಜಿ ಹಿಡಿದು ನಿಂತದ್ದು ನೋಡುವಂತಿದ್ದಿರಬೇಕು. ಆಸ್ತಿ, ಬ್ಯಾಂಕು, ವಾರಸುದಾರಿಕೆ ಎಂದು ಬಂದಮೇಲೆ ಆಟದ ಹೆಸರಿನಲ್ಲಿ ವ್ಯವಹಾರ ನಡೆಯುವುದಿಲ್ಲ. ಅಣೆಕಟ್ಟಿನ ಕೆಳಗಿನ ನೀರೂ ಬಹುಕಾಲ ನಿರ್ಮಲವಾಗಿ ಉಳಿಯಲಿಲ್ಲ. ಮೇಲಿನಿಂದ ಕಲ್ಲಿದ್ದಲಿನ ಹುಡಿ ಬಂತು. ಕೆಳಗೆ ಅನಿಲದ ಕಾರ್ಖಾನೆ, ಆಮೇಲೆ ಎಣ್ಣೆ ಶುದ್ಧಿಮಾಡುವ ಕಾರ್ಖಾನೆಗಳು ಎದ್ದವು. 1880ರ ದಶಕ ಮುಗಿಯುವಷ್ಟರಲ್ಲಿ ಸಂಘ ಮತ್ತೊಮ್ಮೆ ಗಂಟುಮೂಟೆ ಕಟ್ಟಿತು. ಈ ಸಲ ಸ್ಕೂಕಿಲನ್ನೇ ಬಿಟ್ಟು, ಊರಿನಿಂದ ಮೇಲಕ್ಕೆ, ಡೆಲವೇರ್ ನದಿಯ ದಂಡೆಗೆ ಹೋಯಿತು. ಅಂದಿನಿಂದ ‘ಸ್ಕೂಕಿಲಿನ ಸಂಸ್ಥಾನ’ ಇರುವುದು ಬೇರೊಂದು ನದಿಯ ದಡದಲ್ಲಿ. ಹೆಸರನ್ನು ಮಾತ್ರ ಬದಲಾಯಿಸಲಿಲ್ಲ.

ಅವರ ಟೋಪಿ, ಏಪ್ರನ್, ಉಮೇದುವಾರಿಕೆ, ಒಲೆ ಇವೆಲ್ಲವೂ ಜೊತೆಗೆ ಹೋದವು. ಗಾಳ ಹಾಕುವುದು ಹಿಂದಕ್ಕೆ ಸರಿದು ಅಡಿಗೆಯೇ ಮುಖ್ಯವಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಇದನ್ನು ಕಂಡು ನಗುವವರಿದ್ದಾರೆ, ಮೀನಿಲ್ಲದ ಮೀನುಸಂಘವೆಂದು. ನನಗಾದರೋ ಇದರಲ್ಲಿ ಅಷ್ಟು ನಗು ಬರುವುದಿಲ್ಲ. ಮೀನು ಬಿಟ್ಟುಹೋದಮೇಲೂ ಸಂಘ ಒಡೆಯದೆ ನಿಂತದ್ದು ಅಲ್ಲಿ ಪ್ರತಿಯೊಬ್ಬನ ಕೈಗೂ ಒಂದು ಸಟ್ಟುಗವಿದ್ದುದರಿಂದ. ಕೆಲಸವನ್ನು ಆಳಿಗೆ ವಹಿಸಿ ತಾವು ಭಾಷಣಕ್ಕೆ ನಿಂತಿದ್ದರೆ ಎರಡನೆಯ ಗವರ್ನರನ ಕಾಲಕ್ಕೇ ಗುಂಪು ಎರಡಾಗುತ್ತಿತ್ತು. ಹೆಂಗಸರಿಗೆ, ಬಡವರಿಗೆ, ಬೇರೆ ಬಣ್ಣದವರಿಗೆ ಆ ಬಾಗಿಲು ತೆರೆದಿರಲಿಲ್ಲವೆಂಬುದನ್ನೂ ಮರೆಯಬಾರದು. ಆಳಿಲ್ಲದೆ ಒಂದು ದಿನ ಕಳೆಯುವುದು ವಿನೋದವಾಗಬೇಕಾದರೆ ಉಳಿದ ದಿನಗಳಲ್ಲಿ ಮನೆಯಲ್ಲಿ ಆಳಿರಬೇಕು.

ಫೇರ್‌ಮೌಂಟಿನ ನೀರಿನ ಸ್ಥಾವರ 1909ರಲ್ಲಿ ಕೆಲಸ ನಿಲ್ಲಿಸಿತು. ನದಿಯ ನೀರು ಅಷ್ಟು ಕೆಟ್ಟಿತ್ತು. ಅದರ ಜಲಾಶಯವಿದ್ದ ಗುಡ್ಡದ ಮೇಲೆ ಈಗ ಊರಿನ ದೊಡ್ಡ ಚಿತ್ರಶಾಲೆಯಿದೆ. ಅಣೆಕಟ್ಟು ಮಾತ್ರ ಅಡ್ಡಲಾಗಿ ಉಳಿಯಿತು. 1979ರಲ್ಲಿ ಅದರ ಪಶ್ಚಿಮ ತುದಿಯಲ್ಲಿ ಮೀನುಗಳಿಗೆಂದು ಒಂದು ಏಣಿ ಕಟ್ಟಿದರು. ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುವ ಕಾಲುವೆ ಅದು. ಮೀನು ಒಂದೊಂದು ತೊಟ್ಟಿಯಲ್ಲಿಯೂ ದಣಿವಾರಿಸಿಕೊಂಡು ಮೇಲಕ್ಕೆ ಹತ್ತಬೇಕು. ಆಮೇಲೆ ಅದನ್ನು ಇನ್ನಷ್ಟು ಸರಿಪಡಿಸಿ, ಹತ್ತುವ ಮೀನುಗಳನ್ನು ಎಣಿಸಲು ಕ್ಯಾಮೆರ ಇಟ್ಟರು. ಹಿಂದಿನ ರಾಶಿ ಬರಲಿಲ್ಲ. ಆದರೂ ವಸಂತದಲ್ಲಿ ಷ್ಯಾಡ್ ಮೀನು ಸಮುದ್ರದಿಂದ ಬಂದು ಆ ಏಣಿಯನ್ನು ಹುಡುಕಿ ಹತ್ತುತ್ತದೆ. ಹತ್ತಿ, ವಾರ್ನರನ ಜಮೀನಿದ್ದ ದಂಡೆಯನ್ನು ಹಾದು ಮೇಲಕ್ಕೆ ಹೋಗುತ್ತದೆ. ಅಲ್ಲಿ ಈಗ ಕೋಟೆಯಿಲ್ಲ, ಕಂದಾಯ ಕೇಳುವವರೂ ಇಲ್ಲ.